ಬಣ್ಣ ಹಿಡಿಯುವ ನೀರು

ಜೂನ್ 3, ಸೋಮವಾರ

ಅಂತೂ ಇವತ್ತು ಕಾರ್ಖಾನೆಯ ಗೇಟಿನಲ್ಲಿ ಬೋರ್ಡು ಹತ್ತಿತು. ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತದಲ್ಲ, ಕೆಂಪು ದೀಪದ ಅಕ್ಷರಗಳದ್ದು, ಅಂಥದ್ದು. ನಮ್ಮಿಂದ ಹೊರಗೆ ಹೋಗುವ ನೀರಿನಲ್ಲಿ ಏನೇನು ಎಷ್ಟಿದೆ ಎಂದು ಇನ್ನು ದಾರಿಯಲ್ಲಿ ಹೋಗುವವರೂ ಓದಬಹುದು. ಅದೇ ಅಂಕಿ ಸರ್ಕಾರದ ವೆಬ್‌ಸೈಟಿಗೂ ಹೋಗುತ್ತದೆ. ಅಂಕಿ ತುಂಬುವವಳು ನಾನು. ಇವತ್ತಿನ ಕ್ರೋಮಿಯಂ ಲೀಟರಿಗೆ 0.04 ಮಿಲಿಗ್ರಾಂ. ಮಿತಿ 0.1. ನಾನು ಒಂದು ಚುಕ್ಕೆಯೂ ಸುಳ್ಳು ಬರೆದಿಲ್ಲ.

ಮಾಲೀಕರಾದ ಕೃಷ್ಣಸಾಮಿ ಸರ್ ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿದರು. ಬೋರ್ಡಿನ ಗಾಜಿಗೆ ಒದ್ದೆ ಗಂಧ ಬಳಿಯಲು ಹೋದರು, ಕರೆಂಟು ಹೊಡೆದೀತು ಎಂದು ನಾನೇ ಕೈ ಹಿಡಿದೆ. ಕಬ್ಬಿಣದ ಸಲಾಕೆಗಳಿಗೆ ಕ್ರೋಮ್ ಲೇಪ ಹಾಕಿ ಕನ್ನಡಿಯಂತೆ ಹೊಳೆಯಿಸುವ ಕಾರ್ಖಾನೆ ಇದು. ಹೊಳಪಿನ ಹಿಂದಿರುವ ವಿಷವನ್ನು ಅಂಕೆಯಲ್ಲಿಡುವುದಕ್ಕೆ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದ ನನ್ನನ್ನು ತಿಪಟೂರಿನಿಂದ ತಮಿಳುನಾಡಿನ ಈ ಕಾರಮಡೈವರೆಗೆ ಕರೆಸಿಕೊಂಡಿದ್ದಾರೆ.

ಮನೆಗೆ ಬಂದರೆ ಅಂಗಳದಲ್ಲೇ ಅಂಗಮ್ಮನವರ ವಿಚಾರಣೆ. "ಏನ್ ಕಣ್ಣು, ನಿನ್ ಫ್ಯಾಕ್ಟರೀಲಿ ಪೂಜೇನಂತೆ? ಪೊಂಗಲ್ ಕೊಟ್ರಾ, ಬರೀ ಕಾಯಿ ಹೊಡ್ದು ಕಳ್ಸುದ್ರಾ?"

ಇವರ ಮನೆಯ ಮಹಡಿಯ ಕೋಣೆಯಲ್ಲಿ ನಾನಿರುವುದು. ಕಾರ್ಖಾನೆಯ ಹಿಂದಿನ ಗೋಡೆಗೆ ತಾಗಿದಂತೆ ಈ ದೇವಾಂಗರ ಬೀದಿ. ಎಲ್ಲರೂ ರೇಷ್ಮೆ ನೇಯುವವರು. ಎಷ್ಟೋ ತಲೆಮಾರಿನ ಹಿಂದೆ ಬಂದವರು, ಮನೆಯೊಳಗೆ ಇನ್ನೂ ಕನ್ನಡ. ಆದರೆ ಕನ್ನಡ ಅಕ್ಷರ ಒಬ್ಬರಿಗೂ ಬರುವುದಿಲ್ಲ, ಆದ್ದರಿಂದ ಈ ಡೈರಿಯನ್ನು ಎಲ್ಲಿ ಬೇಕಾದರೂ ಬಿಸಾಡಿ ಹೋಗಬಹುದು. ಮುದ್ದಿಗೆ 'ಕಣ್ಣು' ಎಂದು ಕರೆಯುವ ಅವರ ತಮಿಳು ಬೆರೆತ ಕನ್ನಡ ಕೇಳಿ ನನಗೆ ನಗು, ನನ್ನದು ಕೇಳಿ ಅವರಿಗೆ. "ನೀ ರೇಡಿಯೋ ಮಾತಾಡ್ದಂಗ ಮಾತಾಡ್ತೀಯ" ಎನ್ನುತ್ತಾರೆ ಅಂಗಮ್ಮನವರು. ಬೀದಿಯವರೆಲ್ಲ ಅವರನ್ನು ಅವ್ವ ಎನ್ನುತ್ತಾರೆ. ನನಗೆ ಅದು ಬಾಯಿಗೆ ಬರುವುದಿಲ್ಲ. ನಾನು ಬಾಡಿಗೆಗೆ ಬಂದವಳು, ಬಂಧುತ್ವಕ್ಕಲ್ಲ.

ಜೂನ್ 9, ಭಾನುವಾರ

ಭಾನುವಾರ ನಿದ್ದೆ ಮಾಡೋಣವೆಂದರೆ ಬೆಳಗ್ಗೆಯೇ ಹೊಗೆ. ಅಂಗಳದಲ್ಲಿ ಮೂರು ಒಲೆ ಹೂಡಿ ಅಂಗಮ್ಮನವರು ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಒಂದು ಪಾತ್ರೆಯಲ್ಲಿ ಮೆಟ್ಟುಪಾಳ್ಯದ ಮಂಡಿಯಿಂದ ತರಿಸಿದ, ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರು, ಇನ್ನೊಂದರಲ್ಲಿ ಚೆಂಡುಹೂವು. ಅಂಗಡಿಯ ಪುಡಿ ಮುಟ್ಟುವುದಿಲ್ಲ. ನಾನು ಕೆಮ್ಮುತ್ತಾ ಇಳಿದು ಬಂದದ್ದನ್ನು ನೋಡಿ ಸೊಸೆ ಸುಶೀಲ ಕಾಫಿ ಕೊಟ್ಟಳು. ಜಗಳಕ್ಕೆ ಬಂದವಳು ಲೋಟ ಹಿಡಿದು ಕೂತೆ.

ಹಾಗೆ ಕೂತದ್ದರಿಂದ ಕಥೆ ಸಿಕ್ಕಿತು. ಅಂಗಮ್ಮನವರ ಅತ್ತೆ ಸುಬ್ಬಾತಾಳ್ ಎಂಬಾಕೆ ಹೂವು, ಕಾಯಿಯ ಬಣ್ಣಕ್ಕೆ ಹೆಸರುವಾಸಿಯಂತೆ. ಆಕೆ ಹೋದ ಮೇಲೆ ಸೊಸೆ ಅದನ್ನೇ ಮಾಡಲು ಹೋದರೆ ಒಂದೂ ನಿಲ್ಲಲಿಲ್ಲ. ಮೊದಲ ಒಗೆತಕ್ಕೆ ಬಣ್ಣವೆಲ್ಲ ಬಚ್ಚಲಿಗೆ. ಕೈಗುಣ ಅತ್ತೆಯ ಜೊತೆಗೇ ಹೋಯಿತು ಎಂದು ಬೀದಿಯೇ ಆಡಿಕೊಂಡಿತು. ಗಂಡನೂ ಆಡಿಕೊಂಡೇ ಸತ್ತ. ಆದರೂ ಬಿಡದೆ ಬೇಯಿಸಿದ್ದಾರೆ. ಕಳೆದ ದೀಪಾವಳಿ ಆದ ಮೇಲೆ ಒಂದು ದಿನ ನಿಂತೇಬಿಟ್ಟಿತಂತೆ. ಆಮೇಲೆ ಒಂದು ಸಲವೂ ತಪ್ಪಿಲ್ಲ.

ನನ್ನೆದುರೇ ಒಂದು ಲಡಿ ರೇಷ್ಮೆ ನೂಲನ್ನು ನೀರಲ್ಲಿ ಜಾಲಿಸಿ ತೋರಿಸಿದರು. "ನೋಡು, ಒಂದ್ ಸೊಟ್ಟು, ಒಂದ್ ಹನಿ ಬಣ್ಣ ಬಿಡ್ತಾ? ಅರವತ್ತಕ್ಕೆ ಬಂತು ಕಣ್ಣು ನಂಗೆ ಕೈಗುಣ. ಇರ್ಲಿ, ಬಂತಲ್ಲ!"

ನಿಜಕ್ಕೂ ಚೆಂದದ ಬಣ್ಣ, ಹದವಾಗಿ ಕುದಿಸಿದ ಬೆಲ್ಲದ ಪಾಕದ ಹಾಗೆ. ಕೊಯಮತ್ತೂರಿನಲ್ಲಿ ಕೃತ್ತಿಕಾ ಎಂಬುವವರು ರಾಸಾಯನಿಕವಿಲ್ಲದ ಸೀರೆಗಳ ಅಂಗಡಿ ಇಟ್ಟಿದ್ದಾರೆ, ಈಗ ಎಲ್ಲ ಸೀರೆಯೂ ಅವರಿಗೇ. ಅಂಗಮ್ಮನವರ ಫೋಟೋ ಹಾಕಿ ಪ್ರದರ್ಶನ ಮಾಡುತ್ತಾರಂತೆ. ಅಂಗಮ್ಮನವರ ಬೆರಳ ಸಂದು ಬಿರಿದು ಕೆಂಪಾಗಿತ್ತು. ಕೇಳಿದ್ದಕ್ಕೆ ಚೊಗರು ಕಚ್ಚಿದೆ ಎಂದರು. ನನ್ನ ವ್ಯಾಸಲೀನ್ ಕೊಟ್ಟೆ.

ಜೂನ್ 20, ಗುರುವಾರ

ಬೀದಿಯ ಬಾವಿಯ ನೀರು ಹಳದಿ ತಿರುಗಿದೆ ಎಂದು ಸುಶೀಲ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದಳು. "ಮೇಡಂ, ಬೇಜಾರ್ ಪಟ್ಕೋಬೇಡಿ. ನಿಮ್ ಫ್ಯಾಕ್ಟರಿ ತಣ್ಣಿ ಇದ್ರೊಳಗೆ ಬತ್ತಾ ಅದಾ?" ನಳದ ನೀರು ವಾರಕ್ಕೊಮ್ಮೆ ಬರುವ ಬೀದಿ ಇದು. ಸ್ನಾನಕ್ಕೆ, ಒಗೆಯಲಿಕ್ಕೆ, ಬಣ್ಣಕ್ಕೆ ಅದೇ ಬಾವಿ. ನಳ ಬರದ ವಾರ ಅಡಿಗೆಗೂ ಅದೇ.

ನನಗೆ ರೇಗಿತು. ಊರಲ್ಲಿ ಏನಾದರೂ ಕಾರ್ಖಾನೆಯದ್ದೇ ತಪ್ಪು. ಅವಳ ಮೊಬೈಲಲ್ಲೇ ವೆಬ್‌ಸೈಟು ತೆರೆದು ತೋರಿಸಿದೆ: 0.04. ಕುಡಿಯುವ ನೀರಿಗೇ 0.05ರವರೆಗೆ ಬಿಡುತ್ತಾರೆ ಎಂದು ಪಾಠ ಮಾಡಿದೆ. ಪಾಪ, ಅವಳ ಮುಖ ಸಣ್ಣದಾಯಿತು. "ಸಾರಿ ಮೇಡಂ" ಎಂದು ಅದರ ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂಜೆ ಹೊತ್ತಿಗೆ ಬೀದಿಯೇ ಶಾಂತ. ಹಬ್ಬದಲ್ಲಿ ಹುಯ್ದ ಅರಿಶಿನದ ನೀರು ಇಳಿದಿರಬೇಕು ಎಂದು ಅವರವರೇ ಮಾತಾಡಿಕೊಂಡರು. ಅಂಕಿ ಇದ್ದರೆ ಎಷ್ಟು ಅನುಕೂಲ ನೋಡು.

ಜೂನ್ 23, ಭಾನುವಾರ

ಮಹಡಿಗೆ ನೀರು ಏರಲಿಲ್ಲ. ಬಾವಿಯಿಂದ ಒಂದು ಕೊಡ ತಂದು, ಬಿಳಿ ಪಿಂಗಾಣಿ ಬೇಸಿನ್ನಿಗೆ ಸುರಿದು ಮುಖ ತೊಳೆಯಲು ಬಗ್ಗಿದೆ. ತೊಳೆಯಲಿಲ್ಲ. ಆ ಹಳದಿ ನನಗೆ ಗೊತ್ತು. ಅರಿಶಿನ ತಳಕ್ಕೆ ಕೂರುತ್ತದೆ, ಇದು ಕೂರುವುದಿಲ್ಲ. ದಿನಾ ಕೆಲಸದಲ್ಲಿ ನೋಡುವ ಹಳದಿ ಇದು.

ಬಾಟಲಿಯಲ್ಲಿ ಹಿಡಿದುಕೊಂಡು ರಜೆಯ ದಿನವೇ ಕಾರ್ಖಾನೆಯ ಲ್ಯಾಬಿಗೆ ಹೋದೆ. ಕ್ರೋಮಿಯಂ ಪತ್ತೆಮಾಡುವ ದ್ರಾವಣದ ನಾಲ್ಕು ಹನಿ ಹಾಕಿದ ಕೂಡಲೇ ನೇರಳೆ ಬಣ್ಣ ಬಂತು, ಕಪ್ಪು ದ್ರಾಕ್ಷಿಯ ರಸದಷ್ಟು ಗಾಢ. ನೀರು ಬೆರೆಸಿ ತೆಳುಮಾಡಿ ಅಳೆದೆ. 4.1. ಮಿತಿಯಷ್ಟಲ್ಲ, ಮಿತಿಯ ಎಷ್ಟೋ ಪಟ್ಟು. ಗೇಟಿನಲ್ಲಿ ಬೋರ್ಡು 0.04 ಎಂದು ಉರಿಯುತ್ತಲೇ ಇತ್ತು.

ಅದೂ ಸುಳ್ಳಲ್ಲ. ಶುದ್ಧಮಾಡಿ ಕೊಳವೆಯಿಂದ ಹೊರಬಿಡುವ ನೀರನ್ನು ಮಾತ್ರ ಬೋರ್ಡು ಹೇಳುತ್ತದೆ. ಸಲಾಕೆ ತೊಳೆದ ನೀರು ಅದಕ್ಕೆ ಮುಂಚೆ ನೆಲದೊಳಗಿನ ತೊಟ್ಟಿಗೆ ಹೋಗಿ ನಿಲ್ಲುತ್ತದೆ. ಆ ತೊಟ್ಟಿ ಬಿರುಕು ಬಿಟ್ಟಿದ್ದರೆ ಯಾವ ಬೋರ್ಡಿಗೂ ಕಾಣುವುದಿಲ್ಲ. ತೊಟ್ಟಿಯಿಂದ ಬೀದಿಯ ಬಾವಿಗೆ ಒಂದು ಗೋಡೆಯಷ್ಟೇ ದೂರ.

ನಾನು ಸುಳ್ಳು ಬರೆದಿಲ್ಲ. ಆದರೆ ಸುಶೀಲಳ ಬಾಯಿ ಮುಚ್ಚಿಸಿದವಳು ನಾನೇ.

ಜೂನ್ 24, ಸೋಮವಾರ

ನಾನು ಹೇಳಿದ್ದನ್ನೆಲ್ಲ ಕೃಷ್ಣಸಾಮಿ ಸರ್ ಬಾಗಿಲು ಹಾಕಿಕೊಂಡು ಕೇಳಿದರು. ಕಿರುಚಲಿಲ್ಲ. ಅವರು ಕಿರುಚಿದ್ದರೆ ನನಗೆ ಸುಲಭವಾಗುತ್ತಿತ್ತು. ತಲೆ ತಗ್ಗಿಸಿ ಕೂತು ತಮಿಳಿನಲ್ಲಿ, "ದೀಪಾವಳಿಯಿಂದ ಆ ತೊಟ್ಟಿ ತುಂಬ್ತಾನೇ ಇಲ್ಲಮ್ಮಾ. ನನಗೂ ಅನುಮಾನ ಇತ್ತು" ಎಂದರು.

"ಹಾಗಾದರೆ ನಾಳೆಯೇ ಒಡೆಸೋಣ ಸರ್."

"ಒಡೆದರೆ ಕೆಲಸ ಪೂರ್ತಿ ನಿಲ್ಲುತ್ತೆ. ಜುಲೈ ಮಧ್ಯಕ್ಕೆ ಆರ್ಡರ್ ಕಳಿಸಬೇಕು. ಕಳಿಸೋದ್ರೊಳಗೆ ಆಡಿ ತಿಂಗಳು ಹುಟ್ಟುತ್ತೆ. ಆಡಿಯಲ್ಲಿ ಯಾರಾದ್ರೂ ನೆಲ ಒಡೀತಾರಾ? ಆವಣಿ ಹುಟ್ಟಿದ ಮೊದಲ ವಾರ, ಮರುದಮಲೈ ಮುರುಗನಾಣೆ, ನಾನೇ ನಿಂತು ಒಡೆಸ್ತೀನಿ."

ನಮ್ಮಲ್ಲಿ ಆಷಾಢ, ಇವರಲ್ಲಿ ಆಡಿ. ಎರಡನ್ನೂ ಕೂಡಿಸಿದರೆ ಒಳ್ಳೆಯ ಕೆಲಸವೆಂಬುದಕ್ಕೆ ದಿನವೇ ಉಳಿಯುವುದಿಲ್ಲ. ಹಾಗೆಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಲೇತ್ ಮೆಷಿನ್ನಿನ ಮುಂದೆ ನಿಂತು ನಿಂತು ಮೇಲೆ ಬಂದ ಮನುಷ್ಯ. ಕೆಲಸಗಾರರ ಮಕ್ಕಳ ಹೆಸರೆಲ್ಲ ಗೊತ್ತು. ನನಗೆ ಜ್ವರ ಬಂದಾಗ ಅವರ ಹೆಂಡತಿ ರಸಂ ಕಳಿಸಿದ್ದರು. ಆವಣಿ ಎಂದರೆ ಆಗಸ್ಟ್ ಮಧ್ಯ. ಅಲ್ಲಿಯವರೆಗೆ ಬಾವಿ ಬಳಸಬೇಡಿ ಎಂದು ಬೀದಿಗೆ ಹೇಳಲೇ ಎಂದು ಕೇಳಿದೆ. "ಹೇಳಿದರೆ ಅವತ್ತೇ ಕಾರ್ಖಾನೆಗೆ ಬೀಗ ಬೀಳುತ್ತೆ. ನೀನು ಓದಿದವಳು, ಯೋಚನೆ ಮಾಡು" ಎಂದರು.

ಯೋಚನೆ ಮಾಡುತ್ತಿದ್ದೇನೆ. ಅದರ ಬದಲು ತಲೆನೋವು ಬಂದಿದೆ.

ಜುಲೈ 1, ಸೋಮವಾರ

ಕುಡಿಯಲು ಕ್ಯಾನ್ ನೀರು ಮೊದಲೇ ತರಿಸುತ್ತಿದ್ದೆ. ಈಗ ಸ್ನಾನಕ್ಕೂ ತರಿಸುತ್ತೇನೆ. ಕ್ಯಾನಿನ ಆಟೋ ಬಂದಾಗ ಅಂಗಮ್ಮನವರು ನೋಡಿ ನಕ್ಕರು: "ಮಹಾರಾಣಿ!" ನನಗೆ ನಗಲು ಆಗಲಿಲ್ಲ.

ಜುಲೈ 7, ಭಾನುವಾರ

ಕೃತ್ತಿಕಾ ಕ್ಯಾಮೆರಾದವನನ್ನು ಕರೆದುಕೊಂಡು ಬಂದಿದ್ದರು. ಅಂಗಮ್ಮ ಮದುವೆಯ ಸೀರೆ ಉಟ್ಟು, ಬೆಳಗ್ಗೆಯಿಂದ ಏನೂ ತಿನ್ನದೆ, ಒಲೆಯ ಮುಂದೆ ಶಾಲೆಯ ಹುಡುಗಿಯಂತೆ ನೆಟ್ಟಗೆ ಕೂತಿದ್ದರು. ಕೃತ್ತಿಕಾಗೆ ಕನ್ನಡ ಬಾರದು, ಮಾತೆಲ್ಲ ತಮಿಳಿನಲ್ಲಿ. ಬಣ್ಣ ನಿಲ್ಲುವ ಗುಟ್ಟು ಏನೆಂದು ಕೇಳಿದರು.

ಗುಟ್ಟೇನೂ ಇಲ್ಲ, ಅದೇ ಹೂವು, ಅದೇ ಚೊಗರು ಎಂದರು ಅಂಗಮ್ಮ. ಬಣ್ಣ ಕಚ್ಚಿಕೊಳ್ಳಲಿ ಎಂದು ಮೊದಲು ಪಟಿಕ ಹಾಕುತ್ತಿದ್ದರಂತೆ. ಪೊಂಗಲ್ ಹಬ್ಬದ ಹೊತ್ತಿಗೆ ಒಂದು ಸಲ ಮರೆತರಂತೆ. "ಪಟಿಕ ಹಾಕದಿದ್ದರೂ ನಿಂತಿತು! ಅವತ್ತಿನಿಂದ ಹಾಕುವುದೇ ಬಿಟ್ಟೆ" ಎಂದು ಎರಡೂ ಕೈ ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು.

ನಾನು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ. ಉಣ್ಣೆಗೂ ರೇಷ್ಮೆಗೂ ಬಣ್ಣ ಕಚ್ಚಿಸಲು ಕ್ರೋಮ್ ಉಪ್ಪು ಹಾಕುತ್ತಿದ್ದರು ಎಂದು ಬಿ.ಎಸ್ಸಿ.ಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ದೀಪಾವಳಿಗೆ ತೊಟ್ಟಿ ಬಿರಿಯಿತು. ದೀಪಾವಳಿಗೇ ಕೈಗುಣ ಬಂತು.

ಒಂದು ಲಡಿಯ ತುದಿಯ ಎಳೆ ಬೇಡಿ ಲ್ಯಾಬಿಗೆ ಒಯ್ದೆ. ಅದನ್ನು ಸುಟ್ಟು, ಬೂದಿ ಕರಗಿಸಿ ನೋಡಿದೆ. ಕ್ರೋಮಿಯಂ ಇದೆ. ರಾಸಾಯನಿಕವಿಲ್ಲದ ಸೀರೆ ಅಂತೆ! ನನಗೆ ನಗು ಬಂತು, ಆಮೇಲೆ ಅಳು ಬಂತು.

ಜುಲೈ 9, ಮಂಗಳವಾರ

ಹೇಳಿಬಿಟ್ಟೆ.

ಅಂಗಮ್ಮ ಒಲೆಗೆ ಸೌದೆ ಒಡ್ಡುತ್ತಿದ್ದರು. ಹೇಗೆ ಹೇಳುವುದೆಂದು ಲೆಕ್ಕ ಹಾಕಿಕೊಂಡು ಹೋದದ್ದೆಲ್ಲ ಮರೆತು, ಬಾವಿಯ ನೀರಲ್ಲಿ ವಿಷ ಇದೆ, ನಮ್ಮ ಕಾರ್ಖಾನೆಯದು, ನಾನು ತೋರಿಸಿದ ಅಂಕಿ ಬೇರೆ ನೀರಿನದು ಎಂದೆ. ಅವರು ಅಷ್ಟೊಂದು ಬೆಚ್ಚಲಿಲ್ಲ. "ಫ್ಯಾಕ್ಟರಿ ಪಕ್ಕ ಇದ್ರೆ ಬರ್ದೆ ಇರ್ತದಾ? ಕುಡಿಯೋದು ಬ್ಯಾಡ, ಸಾಯಕ್ಕೆ, ಬಣ್ಣ ಹಾಕಕ್ಕೆ ಮಾತ್ರ ಇಟ್ಕೋತೀವಿ ಬಿಡು."

ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಆದರೆ ಆ ಬಿರಿದ ಕೈಗಳನ್ನು ದಿನಾ ಅದ್ದುವುದು ಸಾಯದ ಪಾತ್ರೆಯಲ್ಲೇ ಅಲ್ಲವೇ? ನಮ್ಮಲ್ಲಿ ತೊಟ್ಟಿಯ ಬಳಿ ಕೆಲಸ ಮಾಡುವ ಶಕ್ತಿವೇಲನ ಕೈ ಹೀಗೇ ಶುರುವಾಗಿದ್ದು, ಈಗ ಗುಳಿ ಬಿದ್ದು ಮಾಯುತ್ತಿಲ್ಲ. ಆದ್ದರಿಂದ ಬಣ್ಣ ನಿಲ್ಲುವುದೂ ಅದರಿಂದಲೇ ಎಂದೆ.

"ಯಾವ್ದ್ರಿಂದ?"

"ಆ ನೀರಿನಿಂದ ಅಮ್ಮಾ. ನೀವು ಬಿಟ್ಟ ಪಟಿಕದ ಕೆಲಸ ಅದು ಮಾಡುತ್ತಿದೆ."

ಸೌದೆ ಕೈಯಲ್ಲೇ ಇತ್ತು. ಅದನ್ನು ಒಲೆಗೆ ಹಾಕದೆ ನೆಲಕ್ಕಿಟ್ಟರು. ಆಮೇಲೆ ನಿಧಾನವಾಗಿ, "ನಲವತ್ ವರ್ಷ ಬೇಯ್ಸಿದೀನಿ. ಎಲ್ರೂ ನಗೋವಾಗ ಬೇಯ್ಸಿದೀನಿ. ನಿಂತ್ಮೇಲೆ ನೀ ಬಂದು, ಅದು ನಿನ್ದಲ್ಲ, ವಿಷದ್ದು ಅಂತೀಯ?" ಎಂದರು. "ಮಾಡಿಗೆ ಏರು, ಅಮ್ಮಿಣಿ. ನನ್ ಮುಂದೆ ನಿಲ್ಬೇಡ."

ಮಹಡಿ ಹತ್ತಿ ಬಂದೆ. ಇಷ್ಟು ಕೆಟ್ಟ ಕೆಲಸವನ್ನು ನಾನು ಯಾರಿಗೂ ಮಾಡಿಲ್ಲ ಅನ್ನಿಸುತ್ತಿದೆ. ಮಾಡಬಾರದಿತ್ತು ಎಂದು ಮಾತ್ರ ಅನ್ನಿಸುತ್ತಿಲ್ಲ.

ಜುಲೈ 12, ಶುಕ್ರವಾರ

ಮಾತಿಲ್ಲ, ಕಥೆಯಿಲ್ಲ. ಸುಶೀಲ ಮಾತ್ರ ಕದ್ದು ದೋಸೆ ತಂದುಕೊಟ್ಟಳು. "ಅವ್ವ ಸಾಪಾಡೇ ಮಾಡ್ತಾ ಇಲ್ಲ, ತಟ್ಟೆ ಹಂಗೇ ಅದೆ. ಏನೇನೋ ಬೇಯ್ಸ್ತಾ ಅದೆ" ಎಂದಳು.

ಅಂಕಿ ತುಂಬಿದೆ. 0.04.

ಜುಲೈ 16, ಮಂಗಳವಾರ

ಬೆಳಗ್ಗೆ ಗಲಾಟೆ ಕೇಳಿ ಇಳಿದು ಓಡಿದೆ. ಅವ್ವ ಬಾವಿಯ ಕಟ್ಟೆಯ ಮೇಲೆ ಕೂತಿದ್ದಾರೆ, ಬಾವಿಯ ರಾಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ಹಗ್ಗ ಸುತ್ತಿ ಪಕ್ಕದಲ್ಲಿ. ನೀರಲ್ಲಿ ವಿಷ ಇದೆ, ಬಣ್ಣ ನಿಲ್ಲಿಸುತ್ತಿರುವುದೂ ಅದೇ ಎಂದು ಅವರು ಆಗಲೇ ಹೇಳಿಯಾಗಿತ್ತು, ಸುತ್ತ ಬೀದಿಯ ಜನ ಖಾಲಿ ಕೊಡ ಹಿಡಿದುಕೊಂಡು ಬೈಯುತ್ತಿದ್ದಾರೆ.

ಎದುರು ಮನೆಯಲ್ಲಿ ತಾನೂ ಬಣ್ಣ ಹಾಕುವ ಗೋಪಾಲಸಾಮಿಯದು ಎಲ್ಲರಿಗಿಂತ ದೊಡ್ಡ ಗಂಟಲು. "ಊರ್ ಬಾವಿ ಅವ್ವ ಇದು! ನಿಂಗೆ ಯಾರ್ ಅಧಿಕಾರ ಕೊಟ್ಟಿದ್ದು? ಈ ತಣ್ಣಿ ಬಂದ್ಮೇಲೆ ತಾನೆ ನಮ್ ಸೀಲೆಗೆ ವಿಲೆ ಬಂದಿದ್ದು, ನಾಲ್ಕ್ ಕಾಸ್ ಕಂಡಿದ್ದು?"

"ಅದಕ್ಕೇ ಬಿಚ್ಚಿದೆ" ಎಂದರು ಅವ್ವ.

ಆಮೇಲೆ ಸುಶೀಲ ಹೇಳಿದಳು. ಒಂದು ವಾರದಿಂದ ಅವ್ವ ಮಾಡುತ್ತಿದ್ದದ್ದು ಒಂದೇ ಕೆಲಸ. ಒಂದು ಲಡಿ ಎರಡು ಪಾಲು ಮಾಡಿ, ಒಂದನ್ನು ಬಾವಿ ನೀರಲ್ಲಿ, ಇನ್ನೊಂದನ್ನು ನಳದಿಂದ ಹಿಡಿದಿಟ್ಟ ನೀರಲ್ಲಿ ಬೇಯಿಸಿದ್ದಾರೆ. ಒಂದೇ ಚೊಗರು, ಒಂದೇ ಒಲೆ. ಒಗೆದರೆ ಬಾವಿಯದು ಹಾಗೇ ಇತ್ತು, ನಳದ್ದು ಬಿಟ್ಟಿತು. ನಂಬದೆ ಹೂವಲ್ಲಿ ಮಾಡಿದರು. ಅದೂ ಬಿಟ್ಟಿತು. ನಾನು ಸುಳ್ಳು ಹೇಳಿದ್ದೇನೆಂದು ತೋರಿಸುವುದಕ್ಕೇ ಶುರು ಮಾಡಿದ್ದಂತೆ.

ನಾನು ಹೋಗಿ ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಅವರು ನನ್ನ ಮುಖ ನೋಡಲಿಲ್ಲ, ಆದರೆ ಜಾಗ ಮಾಡಿಕೊಟ್ಟರು. ನಮ್ಮ ಬಾವಿಯಲ್ಲಿ ಎಷ್ಟು ವಿಷವಿದೆ, ಅದು ಚರ್ಮಕ್ಕೆ, ಹೊಟ್ಟೆಗೆ ಏನು ಮಾಡುತ್ತದೆ, ಎಲ್ಲ ಹೇಳಿದೆ. ಮೊದಲು ತೋರಿಸಿದ ಅಂಕಿಯಿಂದ ನಿಮ್ಮನ್ನು ದಾರಿತಪ್ಪಿಸಿದ್ದು ನಾನೇ ಎಂದೂ ಹೇಳಿದೆ. ಗೋಪಾಲಸಾಮಿ ನನ್ನ ಮೇಲೆ ಉಗಿಯಲಿಲ್ಲ ಅಷ್ಟೆ.

ಜುಲೈ 18, ಗುರುವಾರ

ದೂರು ಕೊಡುತ್ತೇವೆಂದು ಮೊದಲು ಕೃಷ್ಣಸಾಮಿ ಸರ್‌ಗೆ ಹೇಳಿ ಬಂದೆ, ಬೆನ್ನ ಹಿಂದೆ ಮಾಡುವುದು ಬೇಡವೆಂದು. "ಒಂದು ತಿಂಗಳು ಕಾಯೋಕೆ ಆಗಲಿಲ್ವಾಮ್ಮಾ?" ಎಂದರು. ನಾಳೆಯಿಂದ ಬರಬೇಡ ಎಂದೂ ಅವರೇ ಹೇಳಿದರು. ಬೈಯಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಅತ್ತೆ.

ಸಂಜೆ ಸುಶೀಲ ತನ್ನ ಮೊಬೈಲಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದಳು, ತಮಿಳಿನಲ್ಲಿ. ಅಂಕಿ ನಾನು ಹೇಳಿದೆ. ಯಾರ ಹೆಸರಲ್ಲಿ ಎಂದು ಮೊಬೈಲು ಕೇಳಿತು. ನನ್ನದು ಹಾಕು ಎಂದೆ. ಅವ್ವ ತರಕಾರಿ ಹೆಚ್ಚುತ್ತಾ ತಲೆ ಎತ್ತದೆ, "ನೀ ಇವತ್ ಇರ್ತೀಯ, ನಾಳೆ ಹೋಗ್ತೀಯ. ನನ್ ಪೇರ್ ಹಾಕು" ಎಂದರು. ಒಂಬತ್ತನೇ ತಾರೀಖಿನ ನಂತರ ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು. ನಾಳೆ ಎಲ್ಲಿಗೆ ಹೋಗುತ್ತೇನಂತೆ?

ಜುಲೈ 30, ಮಂಗಳವಾರ

ಬೀದಿಯ ಚೌಡಮ್ಮನ ಗುಡಿಯ ಜಗಲಿಯಲ್ಲಿ ವಿಚಾರಣೆ. ಮಂಡಳಿಯ ಅಧಿಕಾರಿ ಒಬ್ಬರು, ಬರೆದುಕೊಳ್ಳುವವರೊಬ್ಬರು. ಕಾರ್ಖಾನೆಯ ಕಡೆಯಿಂದ ಕೃಷ್ಣಸಾಮಿ ಸರ್, ಜೊತೆಗೆ ಕೊಯಮತ್ತೂರಿನ ಒಬ್ಬ ಸಲಹೆಗಾರ. ಬೀದಿಯವರೆಲ್ಲ ಇದ್ದರು. ಕೃತ್ತಿಕಾಗೆ ಯಾರು ಹೇಳಿದರೋ, ಆಕೆಯೂ ಬಂದು ಹಿಂದೆ ನಿಂತಿದ್ದರು.

ಸಲಹೆಗಾರನ ಬಾಯಿ ಚುರುಕು. ಬೋರ್ಡಿನ ಅಂಕಿಗಳೆಲ್ಲ ಮಿತಿಯೊಳಗಿವೆ ಎಂದ. ದೂರಿನಲ್ಲಿರುವ ಅಂಕಿ ಕೆಲಸ ಕಳೆದುಕೊಂಡ ಹುಡುಗಿಯದು ಎಂದ. ಆಮೇಲೆ ಮುಖ್ಯ ಬಾಣ ಬಿಟ್ಟ. "ಸರ್, ಇದು ಸಾಯ ಹಾಕುವವರ ಬೀದಿ. ಮನೆ ಮನೆಯಲ್ಲೂ ಬಣ್ಣದ ಪಾತ್ರೆ. ಇವರೇ ಚೆಲ್ಲಿದ್ದು ಇವರ ಬಾವಿಗೆ ಇಳಿದಿದೆ. ಬೀಗ ಹಾಕುವುದಾದರೆ ಮೊದಲು ಈ ಒಲೆಗಳಿಗೆ ಹಾಕಬೇಕು."

ಅಧಿಕಾರಿ ತಲೆಯಾಡಿಸಿ ಬರೆಸಿಕೊಂಡರು. ಎಲ್ಲ ನಮ್ಮ ತಲೆಗೇ ಬರುತ್ತದಲ್ಲ! ನಾನು ಮಾತಾಡಲು ಎದ್ದರೆ ಅವ್ವ ನನ್ನ ದುಪಟ್ಟಾ ಹಿಡಿದು ಕೂರಿಸಿದರು. ಸುಶೀಲಳ ಕೈಯಿಂದ ಎರಡು ಬೇಸಿನ್, ಒಂದು ಬಿಂದಿಗೆ ನಳದ ನೀರು ತರಿಸಿದರು. ಆವತ್ತು ಬೇಯಿಸಿ ಒಗೆಯದೆ ಎತ್ತಿಟ್ಟಿದ್ದ ಎರಡು ಲಡಿಗಳನ್ನು ಸೆರಗಿನಿಂದ ತೆಗೆದರು. ಎರಡೂ ಒಂದೇ ಬಣ್ಣ, ಬೆಲ್ಲದ ಪಾಕ.

ಅವರು ಆಡಿದ್ದು ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ. "ಸಾರ್, ಅಡಿಕೆ ಚೊಗರಲ್ಲಿ ಬೇಯಿಸಿದ್ದು ಎರಡೂ. ಪಟಿಕ ಹಾಕಿಲ್ಲ. ಹಾಕದಿದ್ದರೆ ಇದು ನಿಲ್ಲಬಾರದು, ಸಾಯ ಗೊತ್ತಿರೋರು ಯಾರನ್ನಾದರೂ ಕೇಳಿ." ಒಂದು ಲಡಿ ಬೇಸಿನ್ನಿನಲ್ಲಿ ಮುಳುಗಿಸಿ ಹಿಂಡಿದರು. ನೀರೆಲ್ಲ ಕೆಂಪಾಯಿತು, ಎಳೆ ಸೋತು ಬಿಳಿಚಿಕೊಂಡಿತು. "ಇದು ನಳದ ನೀರಲ್ಲಿ ಬೇಯಿಸಿದ್ದು." ಇನ್ನೊಂದನ್ನು ಅದ್ದಿದರು, ಹಿಂಡಿದರು, ಮತ್ತೆ ಅದ್ದಿದರು. ನೀರು ತಿಳಿಯಾಗಿಯೇ ಇತ್ತು. "ಇದು ಬಾವಿಯದು. ನಮ್ಮ ಹೂವು, ನಮ್ಮ ಕಾಯಿ ಬಾವಿಗೆ ಇಳಿದಿದ್ದರೆ, ಅದು ಬಣ್ಣ ಹಿಡಿಸೋದಿಲ್ಲ ಸಾರ್. ಹಿಡಿಸಿದ್ದು ಇವರ ತೊಟ್ಟಿಯ ನೀರು. ಬೇಕಾದರೆ ಎಳೆ ಸುಟ್ಟು ನೋಡಿ, ಅದರ ವಿಷ ಒಳಗಿದೆಯಂತೆ."

ಅವ್ವ ತಿರುಗಿ ಕೃತ್ತಿಕಾರನ್ನು ನೋಡಿದರು. "ನೀವು ಕೊಂಡದ್ದೆಲ್ಲ ಇಂಥದ್ದೇ ಅಮ್ಮಾ. ಪ್ರದರ್ಶನದಿಂದ ನನ್ನ ಫೋಟೋ ತೆಗೆದುಹಾಕಿಬಿಡಿ. ಅದು ನನ್ನ ಕೈಯಲ್ಲ." ಕೃತ್ತಿಕಾ ಬಾಯಿಗೆ ಕೈ ಇಟ್ಟುಕೊಂಡರು. ಗೋಪಾಲಸಾಮಿ ತಲೆ ತಗ್ಗಿಸಿದ. ನನಗೆ ಅವ್ವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಅಷ್ಟು ಜನರ ಮುಂದೆ ಧೈರ್ಯವಾಗಲಿಲ್ಲ.

ಅಧಿಕಾರಿ ಎರಡೂ ಲಡಿ ಕವರಿಗೆ ಹಾಕಿಸಿ ಮೊಹರು ಮಾಡಿಸಿದರು. ತೊಟ್ಟಿ ಒಡೆದು ತೋರಿಸಬೇಕೆಂದರು. ಸಲಹೆಗಾರ ಇನ್ನೇನೋ ಶುರು ಮಾಡಿದ. ಕೃಷ್ಣಸಾಮಿ ಸರ್ ಅವನ ತೋಳು ಹಿಡಿದು, "ಸಾಕಪ್ಪಾ. ಒಡೀತೀನಿ. ಆಡಿಯಾದ್ರೂ ಸರಿ" ಎಂದುಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ.

ಕೊನೆಗೆ ದೂರುದಾರರಿಗೆ ಆದ ನಷ್ಟ ಏನೆಂದು ಬರೆಯುವವರು ಕೇಳಿದರು. ಬೆಳೆಯೇ, ದನವೇ, ಕಾಯಿಲೆಯೇ? ಅವ್ವ ಕೈ ಒರೆಸಿಕೊಳ್ಳುತ್ತಾ, "ಕೈಗುಣ ಅಂತ ಬರ್ಕೋ" ಎಂದರು, ಕನ್ನಡದಲ್ಲೇ. ಬರೆಯುವವರಿಗೆ ತಿಳಿಯಲಿಲ್ಲ, ನನ್ನ ಕಡೆ ನೋಡಿದರು. ನನಗೆ ಅದಕ್ಕೆ ತಮಿಳು ಸಿಗಲಿಲ್ಲ. ಕೈ ಬಿರಿದಿದೆ ಎಂದು ಬರೆದುಕೊಂಡರು.

ಆಗಸ್ಟ್ 11, ಭಾನುವಾರ

ತೊಟ್ಟಿ ಒಡೆದರು. ತಳದಲ್ಲಿ ಅಂಗೈ ಹೋಗುವಷ್ಟು ಬಿರುಕು. ಕಾರ್ಖಾನೆ ನಿಂತಿದೆ. ಬೀದಿಗೆ ದಿನಕ್ಕೊಂದು ಟ್ಯಾಂಕರ್ ನೀರು ಬರುತ್ತಿದೆ. ಬಾವಿ ಶುದ್ಧವಾಗಲು ವರ್ಷಗಳೇ ಬೇಕು. ತಿಪಟೂರಿಗೆ ಬಂದುಬಿಡು ಎಂದು ಅಮ್ಮ ಫೋನು ಮಾಡಿದ್ದಳು. ಟ್ಯಾಂಕರ್ ಲೆಕ್ಕ ನೋಡಿಕೊಳ್ಳುವವರು ಯಾರೂ ಇಲ್ಲ, ಆಮೇಲೆ ಬರುತ್ತೇನೆ ಎಂದೆ.

ಕೃತ್ತಿಕಾ ಕೊಂಡವರಿಂದ ಸೀರೆಗಳನ್ನೆಲ್ಲ ವಾಪಸು ತರಿಸಿಕೊಂಡಿದ್ದಾರೆ. ಅವ್ವ ಹತ್ತಿರ ಹತ್ತಿರ ಒಂದು ತಿಂಗಳಿಂದ ಒಲೆ ಹೂಡಿಲ್ಲ. ಕೈ ಮಾಯುತ್ತಿದೆ. ಮಾಯುತ್ತಿರುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಅದನ್ನು ನೋಡುವುದು ಬಹಳ ಕಷ್ಟ.

ಇವತ್ತು ಸೊಪ್ಪು ಬಿಡಿಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದರು. "ಕಣ್ಣು, ನೀ ಓದ್ದೋಳು. ಪೊಯ್ ಹೇಳ್ಬೇಡ, ನಿಜ ಹೇಳು. ಅಷ್ಟ್ ಸೀಲೇಲಿ ಒಂದಾದ್ರೂ ನಂದಾಗಿತ್ತಾ?"

ಸಮಾಧಾನ ಹೇಳಿಬಿಡಬಹುದಿತ್ತು. ಆ ಕಣ್ಣಿನ ಮುಂದೆ ಆಗಲಿಲ್ಲ. "ನಿಂತದ್ದು ನೀರಿಂದ ಅವ್ವ, ಎಲ್ಲದರಲ್ಲೂ. ಆದರೆ ಆ ಬಣ್ಣ ನೀರಿಗೆ ಗೊತ್ತಿಲ್ಲ. ಎಷ್ಟು ಚೊಗರು, ಎಷ್ಟು ಹೊತ್ತು, ಯಾವಾಗ ಇಳಿಸೋದು, ಅದು ನೀವು. ಗೋಪಾಲಸಾಮಿನೂ ಅದೇ ಬಾವಿ ನೀರಲ್ಲಿ ಬೇಯಿಸಿದ್ದ. ಅವನದೂ ನಿಂತಿತು, ಯಾರಾದರೂ ತಿರುಗಿ ನೋಡಿದರಾ?"

ಅವ್ವ ಸೊಪ್ಪಿನ ಕಡ್ಡಿ ಹಿಡಿದುಕೊಂಡು ಅದನ್ನೇ ಯೋಚಿಸಿದರು. ಸುಶೀಲ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

"ಹಂಗಾದ್ರೆ ಅರ್ಧ ನಂದು" ಎಂದರು ಅವ್ವ. ಎದ್ದು ಸೀರೆ ಕೊಡವಿಕೊಂಡರು. "ಅಂಗಡಿಗೆ ಹೋಗಿ ಪಟಿಕ ತಾ ಸುಶೀಲಾ, ಟ್ಯಾಂಕರ್ ನೀರಲ್ಲಿ ಹಾಕಿ ನೋಡಾಣ. ನೀ ಯಾಕ್ ಕೂತಿದೀ ಕಣ್ಣು, ಒಲೆ ಹಚ್ಚು."